ಮಲ್ಲಯ್ಯನ ದಾರಿಗೆ ಮೊದಲು ಅಂಗಾಲು ನೋಡಿಕೊಳ್ಳಿ

ಹೆಗಲ ಮೇಲೆ ಮಲ್ಲಯ್ಯನ ಕಂಬಿ ಹೊರುವ ಹಿರಿಯರಿಗೂ, ಮೊದಲ ಸಲ ಶ್ರೀಶೈಲಕ್ಕೆ ಪಾದಯಾತ್ರೆ ಹೊರಟಿರುವ ಹುಡುಗರಿಗೂ ಶರಣು. ಯುಗಾದಿಗೆ ಇನ್ನೂ ಆರು ವಾರ ಇರುವಾಗಲೇ ಈ ಸಭೆ ಕರೆಯಿರಿ ಎಂದು ಸಮಿತಿಯವರನ್ನು ಕಾಡಿದವನು ನಾನೇ. ಹೊರಡುವ ಹಿಂದಿನ ದಿನ ಕಾಲಿಗೆ ಒಳ್ಳೆಯದು ಮಾಡಲು ಏನೂ ಉಳಿದಿರುವುದಿಲ್ಲ, ಕೆಡಿಸಲು ಮಾತ್ರ ಸಮಯವಿರುತ್ತದೆ. ಕೆಡಿಸುವ ಆಯುಧ ಪ್ರತಿ ಮನೆಯಲ್ಲೂ ಇದೆ: ಬ್ಲೇಡು.

ಅಂಗಾಲಿನ ಜಡ್ಡು ಕೊಳೆಯಲ್ಲ. ಒಂದೇ ಜಾಗಕ್ಕೆ ಒತ್ತಡ, ತಿಕ್ಕಾಟ ಬೀಳುತ್ತಿದ್ದರೆ ಚರ್ಮ ತನ್ನ ಮೇಲ್ಪದರವನ್ನು ದಪ್ಪ ಮಾಡಿಕೊಳ್ಳುತ್ತದೆ. ಹೊಲದಲ್ಲಿ ದುಡಿದವರಿಗೆ ಅದು ಹುಟ್ಟುಚಪ್ಪಲಿ ಇದ್ದಂತೆ. ಹಾಗೆಂದು ಬೆಳೆಯಲು ಬಿಟ್ಟರೆ ಒಣಗಿ ಅಂಚಿನಲ್ಲಿ ಸೀಳುತ್ತದೆ. ಅದರಡಿ ಬೊಬ್ಬೆ ಎದ್ದರೆ ಕಣ್ಣಿಗೂ ಕಾಣುವುದಿಲ್ಲ, ನೀರು ಹೊರಬರಲು ದಾರಿಯೂ ಇರುವುದಿಲ್ಲ. ನಲ್ಲಮಲ ಕಾಡಿನ ಭೀಮನಕೊಳ್ಳದಲ್ಲಿ ಇಳಿಯುವಾಗ ಅದು ಏನೆಂದು ತಿಳಿಯುತ್ತದೆ!

ಆದ್ದರಿಂದ ಕೀಳಬೇಡಿ, ತೆಳುವಾಗಿಸಿ. ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಪಾದ ನೆನೆಸಿ, ಕಾಲುಜ್ಜುವ ಕಲ್ಲಿನಿಂದ ಹಗುರವಾಗಿ ಉಜ್ಜಿ. ದಿನವೂ ಬೇಡ, ಎರಡು ಮೂರು ದಿನಕ್ಕೊಮ್ಮೆ. ರಾತ್ರಿ ಯೂರಿಯಾ ಇರುವ ಮುಲಾಮು ಹಚ್ಚಿ. ಯೂರಿಯಾ ಎಂದೊಡನೆ ಯಾರೋ ನಕ್ಕರು. ಗೊಬ್ಬರದ ಚೀಲ ಬಿಚ್ಚಬೇಡಿ, ಔಷಧಿ ಅಂಗಡಿಯಲ್ಲಿ ಕೇಳಿ. ಸುತ್ತಲಿನ ಚರ್ಮದ ಮಟ್ಟಕ್ಕೆ ಹತ್ತಿರ ಬಂದರೆ ಸಾಕು. ಕೊನೆಯ ವಾರ ಕಲ್ಲನ್ನೂ ಎತ್ತಿಡಿ. ಬ್ಲೇಡಿನಿಂದ ಹೆರೆದರೆ ಎಳೆ ಚರ್ಮ ಮೇಲೆ ಬರುತ್ತದೆ, ಮೊದಲ ದಿನವೇ ಬೊಬ್ಬೆ ಏಳುತ್ತದೆ.

"ಅಕ್ಕಮಹಾದೇವಿ ಯಾವ ಮುಲಾಮು ಹಚ್ಚಿಕೊಂಡು ಹೋದಳಪ್ಪ?" ಎಂದು ಮುಂದಿನ ಸಾಲಿನ ಅಜ್ಜನವರು ಆಗಲೇ ಕೇಳಿದರು. ಅಜ್ಜ, ಅಕ್ಕನ ಕಾಲಕ್ಕೆ ಎಲ್ಲರೂ ನಡೆಯುವವರೇ. ನಾವು ಓಣಿಯ ಅಂಗಡಿಗೂ ಬೈಕ್ ಹತ್ತುವವರು.

ನನಗೆ ಬಹಳ ಇಷ್ಟವಾದ ಒಂದು ಕಥೆ ಇದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ 1946ರಲ್ಲಿ ಪಾಲ್ ಬ್ರ್ಯಾಂಡ್ ಎಂಬ ಶಸ್ತ್ರವೈದ್ಯರು ಬಂದರು. ಕುಷ್ಠರೋಗಿಗಳ ಪಾದ ಹಾಳಾಗುವುದು ಮಾಂಸ ತಾನಾಗಿ ಕೊಳೆತಲ್ಲ, ನೋವು ತಿಳಿಯದೆ ಗಾಯದ ಮೇಲೆಯೇ ನಡೆಯುವುದರಿಂದ ಎಂದು ತೋರಿಸಿಕೊಟ್ಟರು. ಒಮ್ಮೆ ಇಂಗ್ಲೆಂಡಿನಲ್ಲಿ ರೈಲು ಪ್ರಯಾಣ ಮುಗಿಸಿ ರಾತ್ರಿ ಕಾಲುಚೀಲ ಕಳಚಿದಾಗ ಅವರ ಹಿಮ್ಮಡಿಗೆ ಸ್ಪರ್ಶವೇ ತಿಳಿಯಲಿಲ್ಲ. ಸೂಜಿ ಚುಚ್ಚಿಕೊಂಡರು. ರಕ್ತ ಬಂತು, ನೋವಾಗಲಿಲ್ಲ. ತಮಗೂ ಕುಷ್ಠ ಬಂತೆಂದು ರಾತ್ರಿಯೆಲ್ಲ ಹೊರಳಾಡಿದರು. ಬೆಳಿಗ್ಗೆ ಮತ್ತೆ ಚುಚ್ಚಿಕೊಂಡರೆ ಚೀರುವಷ್ಟು ನೋವು! ಕುಳಿತ ಭಂಗಿಗೆ ನರ ಒತ್ತಿ ಮರಗಟ್ಟಿತ್ತು, ಅಷ್ಟೆ. ಆ ನೋವಿಗಾಗಿ ದೇವರಿಗೆ ಕೈಮುಗಿದರಂತೆ.

ಸಕ್ಕರೆ ಕಾಯಿಲೆಯಲ್ಲಿ ಸತ್ತ ಸ್ಪರ್ಶ ಹೀಗೆ ಬೆಳಗಾಗುವಷ್ಟರಲ್ಲಿ ಮರಳುವುದಿಲ್ಲ. "ಎಷ್ಟು ನಡೆದರೂ ನನ್ನ ಕಾಲು ನೋಯುವುದಿಲ್ಲ" ಎಂದು ಬೀಗುವ ಸಕ್ಕರೆ ಕಾಯಿಲೆಯವರನ್ನು ಕಂಡರೆ ನನಗೆ ಹೆದರಿಕೆ. ಅವರು ನೀರಿನಲ್ಲಿ ಕಾಲು ನೆನೆಸಬಾರದು, ಜಡ್ಡನ್ನು ತಾವೇ ಉಜ್ಜಬಾರದು, ಬರಿಗಾಲಲ್ಲಿ ಕಾದ ಡಾಂಬರು ತುಳಿಯಬಾರದು. ಆಣಿ ಕರಗಿಸಲು ಅಂಟಿಸುವ ಆಣಿಪಟ್ಟಿಯಂತೂ ಬೇಡವೇ ಬೇಡ. ಅದರ ಸ್ಯಾಲಿಸಿಲಿಕ್ ಆಮ್ಲ ಜಡ್ಡಿನ ಜೊತೆಗೆ ಜೀವಂತ ಚರ್ಮವನ್ನೂ ಸುಡುತ್ತದೆ. ಬ್ಲೇಡಿನ ವಿಷಯ ಮತ್ತೆ ಹೇಳಬೇಕೇ?

ಚೀಟಿ ಬಂತು, ಪ್ರಸಾದಕ್ಕೆ ಹೊತ್ತಾಯಿತಂತೆ. ಬೊಬ್ಬೆಯ ವಿಷಯಕ್ಕೆ ಒಂದು ಗಂಟೆ ಬೇಕಿತ್ತು. ಅದರ ಮೇಲಿನ ಚರ್ಮ ಕಿತ್ತೆಸೆಯಬೇಡಿ, ದಾರ ಪೋಣಿಸಿ ಬಿಡಬೇಡಿ, ದಾರದ ಗುಂಟ ಸೋಂಕು ಒಳಗಿಳಿಯುತ್ತದೆ. ಉಗುರು ನೇರವಾಗಿ ಕತ್ತರಿಸಿ. ಬೂಟು ಹಾಕುವವರು ಸಂಜೆ, ಕಾಲು ಊದಿರುವಾಗ ಕೊಳ್ಳಿ, ಈಗಿನಿಂದಲೇ ಹಾಕಿ ನಡೆಯಿರಿ. ಒದ್ದೆ ಕಾಲುಚೀಲ ಆಗಾಗ ಬದಲಿಸಿ. ಧನುರ್ವಾಯು ಚುಚ್ಚುಮದ್ದು ಯಾವಾಗ ಹಾಕಿಸಿಕೊಂಡಿರಿ, ಜ್ಞಾಪಿಸಿಕೊಳ್ಳಿ. ಹರಕೆ ಹೊತ್ತು ಮರಗಾಲು ಕಟ್ಟಿ ನಡೆಯುವವರ ಹತ್ತಿರ ಬೇರೆಯೇ ಮಾತಿದೆ, ಊಟವಾದ ಮೇಲೆ ಸಿಗಿ. ಸಕ್ಕರೆ ಕಾಯಿಲೆಯವರು ಮಾತ್ರ ಊಟಕ್ಕೆ ಮೊದಲೇ ಪಕ್ಕದ ಕೋಣೆಗೆ ಬಂದು ಪಾದ ತೋರಿಸಿ ಹೋಗಿ.