ನಿಮ್ಮ ಟಿಕೆಟ್ ದುಡ್ಡು ಕಲ್ಲಿದ್ದಲು ಕೊಡುತ್ತಿದೆ

ಮನೆಯಲ್ಲಿ ಹಳೇ ರೈಲು ಟಿಕೆಟ್ ಇದ್ದರೆ ತೆಗೆದು ನೋಡಿ. ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರಬಹುದು: ಪ್ರಯಾಣದ ಖರ್ಚಿನಲ್ಲಿ ಸರಾಸರಿ 57% ಮಾತ್ರ ರೈಲ್ವೆಗೆ ವಾಪಸ್ ಬರುತ್ತದೆ ಅಂತ. ದುಡ್ಡು ಕೊಟ್ಟು ಟಿಕೆಟ್ ತೊಗೊಂಡೂ ಸಾಲಗಾರರಾದ ಹಾಗೆ ಅನ್ನಿಸುತ್ತದೆ, ಅಲ್ವಾ?

ಸರಿ, ಉಳಿದದ್ದನ್ನು ಯಾರು ಕೊಡುತ್ತಾರೆ? ಸರ್ಕಾರ ಅಂದುಕೊಂಡಿದ್ದರೆ ಅದು ಅರ್ಧ ಸತ್ಯ. ದೊಡ್ಡ ಪಾಲು ತುಂಬುವುದು ಗೂಡ್ಸ್ ಗಾಡಿ. ನಮ್ಮ ರೈಲ್ವೆ ವರ್ಷಕ್ಕೆ ಸುಮಾರು 160 ಕೋಟಿ ಟನ್ ಸರಕು ಸಾಗಿಸುತ್ತದೆ. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಬರೀ ಕಲ್ಲಿದ್ದಲು. ಜನರಲ್ ಬೋಗಿಯಲ್ಲಿ ಒಂಟಿ ಕಾಲಲ್ಲಿ ನಿಂತು ಹೋಗುವವನ ಟಿಕೆಟ್ ಅಗ್ಗವಾಗಿರುವುದು ಆ ಕಪ್ಪು ವ್ಯಾಗನ್‌ಗಳ ದಯೆಯಿಂದ.

ಈಗ ಸರ್ಕಾರದ ಗುರಿಗಳನ್ನು ನೋಡಿ. 2030ಕ್ಕೆ ಕಲ್ಲಿದ್ದಲು, ತೈಲ ಬಿಟ್ಟು ಬೇರೆ ಮೂಲಗಳಿಂದ 500 ಗಿಗಾವಾಟ್ ವಿದ್ಯುತ್ ಸಾಮರ್ಥ್ಯ. ಅದೇ 2030ಕ್ಕೆ ರೈಲ್ವೆ ನಿವ್ವಳ ಶೂನ್ಯ ಇಂಗಾಲ, ಅಂದರೆ ಗಾಳಿಗೆ ಬಿಡುವ ಇಂಗಾಲ ಮತ್ತು ತೆಗೆಯುವ ಇಂಗಾಲದ ಲೆಕ್ಕ ಸರಿಸಮ. ಎರಡೂ ಒಳ್ಳೆಯದೇ. ಆದರೆ ಹೊಗೆ ಬೇಡ ಅನ್ನುವ ರೈಲ್ವೆ ಹೊಟ್ಟೆ ಹೊರೆಯುವುದೇ ಕಲ್ಲಿದ್ದಲಿನಿಂದ! ಅದು ನಾಳೆಯೇ ನಿಲ್ಲುವುದಿಲ್ಲ, ನಿಜ. ನಿಲ್ಲುವ ದಿನಕ್ಕೆ ಏನು ಮಾಡುತ್ತೀರಿ ಅಂತ ಕೇಳುವವರೂ ಕಾಣುತ್ತಿಲ್ಲ.

ಟಿಕೆಟ್ ದರ ಏರಿಸಿದರೆ ಆಯ್ತಲ್ಲ ಅನ್ನಬಹುದು. 2025ರ ಜುಲೈನಲ್ಲಿ ಏರಿಸಿದರು. ಸಾಮಾನ್ಯ ಸೆಕೆಂಡ್ ಕ್ಲಾಸ್‌ಗೆ, ಅದೂ 500 ಕಿಲೋಮೀಟರ್ ದಾಟಿದ ಮೇಲೆ, ಕಿಲೋಮೀಟರಿಗೆ ಅರ್ಧ ಪೈಸೆ. ಅಷ್ಟಕ್ಕೇ ಎಷ್ಟು ಹಿಂಜರಿಕೆ ನೋಡಿ.

ಹಾಗಾದರೆ ಬೇರೆ ಸರಕು ಹಿಡಿಯಬೇಕು. ರಾಷ್ಟ್ರೀಯ ರೈಲು ಯೋಜನೆ ಹೇಳುವುದೂ ಅದನ್ನೇ: ದೇಶದ ಸರಕು ಸಾಗಣೆಯಲ್ಲಿ ರೈಲಿನ ಪಾಲು 45% ಆಗಬೇಕು. 1950ರ ದಶಕದ ಆರಂಭದಲ್ಲಿ 80%ಗಿಂತ ಜಾಸ್ತಿ ಇತ್ತು. ಈಗ ಕಾಲು ಭಾಗದ ಆಸುಪಾಸು. ಯಾಕೆ ಇಳಿಯಿತು? ಪ್ರಯಾಣಿಕರ ದರ ಕಡಿಮೆ ಇಡಲು ಸರಕಿನ ದರ ಏರಿಸುತ್ತಾ ಬಂದರು. ಜೊತೆಗೆ, ಎಕ್ಸ್‌ಪ್ರೆಸ್ ಬಂದಾಗಲೆಲ್ಲ ಗೂಡ್ಸ್ ಗಾಡಿ ಲೂಪ್ ಲೈನ್‌ನಲ್ಲಿ ನಿಂತು ದಾರಿ ಬಿಡಬೇಕು. ಅದರ ಸರಾಸರಿ ವೇಗ ಗಂಟೆಗೆ ಸುಮಾರು 25 ಕಿಲೋಮೀಟರ್. ಮಾಲು ಯಾವತ್ತು ತಲುಪುತ್ತದೋ ಗೊತ್ತಿಲ್ಲದಿದ್ದರೆ ಕಾರ್ಖಾನೆಯವರು ಲಾರಿ ಕರೆಯದೆ ಇನ್ನೇನು ಮಾಡುತ್ತಾರೆ?

ಅದಕ್ಕೇ ಲುಧಿಯಾನಾದಿಂದ ಬಿಹಾರದ ಸೋನ್‌ನಗರದವರೆಗಿನ 1,337 ಕಿಲೋಮೀಟರ್ ಸರಕು ಕಾರಿಡಾರ್, ಅಂದರೆ ಗೂಡ್ಸ್ ಗಾಡಿಗೆಂದೇ ಹಾಕಿದ ಪ್ರತ್ಯೇಕ ಹಳಿ, ನನಗೆ ವಂದೇ ಭಾರತ್‌ಗಿಂತ ದೊಡ್ಡ ಕೆಲಸ ಅನ್ನಿಸುತ್ತದೆ. ಏನು ಮಾಡುವುದು, ಗೂಡ್ಸ್ ಗಾಡಿ ಮುಂದೆ ಯಾರೂ ಸೆಲ್ಫಿ ತೆಗೆಯುವುದಿಲ್ಲ.

ಆದರೆ ಹೊಸ ಹಳಿ ಹಾಕಿದರೆ ಸಾಲದು. ಸಿಮೆಂಟ್, ಕಾರು, ಕಂಟೇನರ್ ರೈಲಿಗೆ ಬರಬೇಕಾದರೆ ಸರಕಿನ ದರ ಇಳಿಯಬೇಕು. ದರ ಇಳಿಸಿದರೆ ನಮ್ಮ ಟಿಕೆಟ್‌ಗೆ ದುಡ್ಡಿಲ್ಲ. ಈ ಗಂಟನ್ನು ಬಿಚ್ಚಬೇಕಾದದ್ದು ಬಜೆಟ್. ಅಗ್ಗದ ಟಿಕೆಟ್ ರೇಷನ್ ಅಕ್ಕಿಯ ಹಾಗೆ, ಸರ್ಕಾರದ ಜವಾಬ್ದಾರಿ. ಹಾಗಿದ್ದ ಮೇಲೆ ಆ ಸಬ್ಸಿಡಿಯನ್ನು ಬಜೆಟ್‌ನಲ್ಲಿ ನೇರವಾಗಿ ಬರೆದು ರೈಲ್ವೆಗೆ ಕೊಡಲಿ. ಯುರೋಪಿನ ಹಲವು ದೇಶಗಳು ಹೀಗೇ ಒಪ್ಪಂದ ಮಾಡಿಕೊಂಡು ಕೊಡುತ್ತವೆ. ನಮ್ಮಲ್ಲಿ 2017ರಲ್ಲಿ ರೈಲ್ವೆ ಬಜೆಟ್ಟೇ ಸಾಮಾನ್ಯ ಬಜೆಟ್‌ನೊಳಗೆ ಸೇರಿಹೋಯಿತು. ಮೊದಲೂ ನಾವು ಟಿವಿ ಮುಂದೆ ಕೂತು ನೋಡುತ್ತಿದ್ದದ್ದು ನಮ್ಮೂರಿಗೆ ಯಾವ ರೈಲು ಬಂತು ಅಂತಲೇ, ಬಿಡಿ. ಆದರೂ ವರ್ಷಕ್ಕೊಂದು ದಿನ ರೈಲಿನ ಲೆಕ್ಕ ಸಂಸತ್ತಿನಲ್ಲಿ ಪ್ರತ್ಯೇಕವಾಗಿ ಬರುತ್ತಿತ್ತು.

ಅಲ್ಲಿಯವರೆಗೆ ಟಿಕೆಟ್ ಮೇಲೆ ಇನ್ನೊಂದು ಸಾಲು ಅಚ್ಚು ಹಾಕಲಿ. ಉಳಿದ 43% ಕೊಟ್ಟವರು ಯಾರು ಅಂತ.