ಕತ್ತರಿಗೆ ಸಿಕ್ಕ ಬೆಳ್ಳಿ

ಕೇಳುಗರಿಗೆ ನಮಸ್ಕಾರ.

1992ರ ನವೆಂಬರ್ ತಿಂಗಳು. ಇಂಗ್ಲೆಂಡಿನ ಸಫೊಕ್ ಸೀಮೆಯ ಹಾಕ್ಸನ್ ಎಂಬ ಹಳ್ಳಿಯಲ್ಲಿ ರೈತರೊಬ್ಬರ ಸುತ್ತಿಗೆ ಹೊಲದಲ್ಲೆಲ್ಲೋ ಬಿದ್ದುಹೋಯಿತು. ಅದನ್ನು ಹುಡುಕಿಕೊಡಲು ಅವರ ಗೆಳೆಯರೊಬ್ಬರು ಲೋಹಶೋಧಕ ಹಿಡಿದು ಹೊರಟರು. ಸಿಕ್ಕಿದ್ದು ಹದಿನೈದು ಸಾವಿರದಷ್ಟು ರೋಮನ್ ನಾಣ್ಯಗಳು! ಅವುಗಳಲ್ಲಿ 14 ಸಾವಿರಕ್ಕೂ ಮಿಕ್ಕಿ ಬೆಳ್ಳಿಯವು. ಸುತ್ತಿಗೆಯೂ ಸಿಕ್ಕಿತು ಅನ್ನಿ. ಅದೂ ಈಗ ಬ್ರಿಟಿಷ್ ಮ್ಯೂಸಿಯಂ ಸೇರಿದೆ.

ಆ ಬೆಳ್ಳಿ ನಾಣ್ಯಗಳನ್ನು ನಾಣ್ಯಶಾಸ್ತ್ರದವರು ಸಿಲಿಕ್ವಾ ಎನ್ನುತ್ತಾರೆ. ಸಿಲಿಕ್ವಾ ಅಂದರೆ ಕ್ಯಾರೊಬ್ ಮರದ ಬೀಜ. ನಮ್ಮ ಅಕ್ಕಸಾಲಿಗರಿಗೆ ಗುಲಗಂಜಿ ಇದ್ದ ಹಾಗೆ ರೋಮನ್ನರಿಗೆ ಅದು ತೂಕದ ಕಾಳು. ನಾಲ್ಕನೆಯ ಶತಮಾನದ ಕೊನೆಯ ಹೊತ್ತಿಗೆ ನಾಣ್ಯದ ತೂಕ 2 ಗ್ರಾಂ ಆಸುಪಾಸು. ತೆಳ್ಳನೆಯ ಬಿಲ್ಲೆ, ನಡುವೆ ಚಕ್ರವರ್ತಿಯ ಮುಖ, ಸುತ್ತ ಅವನ ಹೆಸರು, ಬಿರುದು.

ಹಾಕ್ಸನ್ನಿನ ನಾಣ್ಯವೊಂದನ್ನು ಹತ್ತಿರದಿಂದ ನೋಡಿದರೆ ಆ ಹೆಸರೇ ಅರ್ಧ ಮಾಯವಾಗಿರುತ್ತದೆ. ಅಂಚಿಗೆ ಯಾರೋ ಕತ್ತರಿ ಆಡಿಸಿದ್ದಾರೆ. ಒಂದೆರಡಕ್ಕಲ್ಲ, ಹೆಚ್ಚುಕಡಿಮೆ ಎಲ್ಲಕ್ಕೂ. ಕೆಲವು ಬೆರಳುಗುರಿನಷ್ಟಾಗಿವೆ. ಮುಖವನ್ನು ಮಾತ್ರ ಮುಟ್ಟಿಲ್ಲ. ಮುಖ ಇದ್ದರೆ ತಾನೆ ಸಂತೆಯಲ್ಲಿ ನಡೆಯುವುದು?

ಕಳ್ಳರು ಎಂದು ಬೈಯುವ ಮೊದಲು ಚಕ್ರವರ್ತಿಗಳನ್ನೂ ಸ್ವಲ್ಪ ವಿಚಾರಿಸಬೇಕು. ಕ್ರಿ.ಶ. 215ರಲ್ಲಿ ಕ್ಯಾರಕಲ್ಲ ಹೊಸ ನಾಣ್ಯವೊಂದನ್ನು ತಂದ. ಬೆಲೆ ಎರಡು ಡಿನೇರಿಯಸ್ಸಿನದು, ಅಂದರೆ ರೋಮನ್ನರ ಹಳೆಯ ಬೆಳ್ಳಿ ನಾಣ್ಯ ಎರಡರದು, ಎಂಬುದು ವಿದ್ವಾಂಸರ ಎಣಿಕೆ. ತೂಕ ನೋಡಿದರೆ ಒಂದೂವರೆಯದು. ಸೈನಿಕರ ಸಂಬಳ ಏರುತ್ತಲೇ ಹೋಯಿತು, ಟಂಕಸಾಲೆಯಲ್ಲಿ ತಾಮ್ರ ಬೆರೆಯುತ್ತಲೇ ಹೋಯಿತು. 270ರ ಹೊತ್ತಿಗೆ ನೂರರಲ್ಲಿ ಐದು ಪಾಲು ಬೆಳ್ಳಿಯೂ ಉಳಿಯಲಿಲ್ಲ. ಮೇಲೆ ಬೆಳ್ಳಿಯ ಬಣ್ಣ, ನಾಲ್ಕು ಕೈ ದಾಟಿದರೆ ಒಳಗಿನ ತಾಮ್ರ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ದೊರೆತ ಆಗಸ್ಟಸ್, ಟೈಬೀರಿಯಸ್ ಕಾಲದ ಡಿನೇರಿಯಸ್‌ಗಳು ಈ ಕಲಬೆರಕೆಗಿಂತ ಬಹಳ ಹಿಂದಿನ ಒಳ್ಳೆಯ ಬೆಳ್ಳಿ.

ಡಯೊಕ್ಲೀಷಿಯನ್ ಸುಮಾರು 294ರಲ್ಲಿ ಮತ್ತೆ ಶುದ್ಧ ಬೆಳ್ಳಿ ಒತ್ತಿಸಿದ. ಒಂದು ರೋಮನ್ ಪೌಂಡಿಗೆ 96 ನಾಣ್ಯ. ಜನ ನಂಬಲೆಂದೋ ಏನೋ, ಕೆಲವು ನಾಣ್ಯಗಳ ಮೇಲೆ ಆ 96 ಎಂಬ ಅಂಕಿಯನ್ನೇ ಮೂಡಿಸಿದ್ದಾರೆ.

ಹಾಕ್ಸನ್ನಿನ ನಿಧಿ ಮಣ್ಣು ಸೇರಿದ್ದು ಐದನೆಯ ಶತಮಾನದ ಮೊದಲಿಗೆ. ಬ್ರಿಟನ್ನಿಗೆ ಹೊಸ ಬೆಳ್ಳಿ ಬರುವುದು ಆಗ ನಿಂತೇಹೋಗಿತ್ತು. ಇದ್ದದ್ದನ್ನೇ ಕತ್ತರಿಸಿ ಕತ್ತರಿಸಿ ನಡೆಸುತ್ತಿದ್ದರು. ಅದೇ ನಿಧಿಯಲ್ಲಿ ಕಾಳುಮೆಣಸಿನ ಪುಡಿ ಉದುರಿಸುವ ನಾಲ್ಕು ಬೆಳ್ಳಿ ಭರಣಿಗಳಿದ್ದವು. ಒಂದು ಹೆಣ್ಣಿನ ಆಕಾರದ್ದು, ಕೂದಲಿಗೆ, ಒಡವೆಗೆ ಚಿನ್ನದ ಲೇಪ. ಕಾಳುಮೆಣಸು ರೋಮಿಗೆ ಹೋಗುತ್ತಿದ್ದದ್ದು ನಮ್ಮ ಪಶ್ಚಿಮ ಕರಾವಳಿಯ ಬಂದರುಗಳಿಂದ. ಆ ಭರಣಿಗಳಿಗೆ ಯಾರೂ ಕತ್ತರಿ ಹಾಕಿರಲಿಲ್ಲ.

ನಮಸ್ಕಾರ.