ಸೊಪ್ಪೆ ಹೊಲದಲ್ಲೇ ಉಳಿಯಲಿ: ಉಳುಮೆಯಿಲ್ಲದ ಬೇಸಾಯದಲ್ಲಿ ಮಣ್ಣಿನ ಹೊದಿಕೆ

ಜಗಳೂರು, ಚಳ್ಳಕೆರೆ, ಹೊಳಲ್ಕೆರೆ ಕಡೆಗಳಿಂದ ದಾವಣಗೆರೆಗೆ ಬಂದು ಸೇರಿರುವ ರೈತ ಬಂಧುಗಳೇ, ತಾಯಂದಿರೇ,

ಈ ಮೇಜಿನ ಮೇಲೆ ನೀರು ತುಂಬಿದ ಎರಡು ಗಾಜಿನ ಲೋಟಗಳಿವೆ. ನನ್ನ ಕೈಯಲ್ಲಿ ನಮ್ಮ ಹೊಲದ ಕೆಂಪು ಮಣ್ಣಿನ ಎರಡು ಒಣ ಹೆಂಟೆಗಳಿವೆ. ಒಂದು, ವರ್ಷಕ್ಕೆ ಮೂರು ಸಲ ಟ್ರ್ಯಾಕ್ಟರ್ ಹಾಯುವ ಹೊಲದ ನಡುವಿನದು, ಇನ್ನೊಂದು ಹತ್ತು ಹೆಜ್ಜೆ ಆಚೆಗಿನ ಬದುವಿನದು. ಎರಡನ್ನೂ ಒಟ್ಟಿಗೆ ನೀರಿಗೆ ಬಿಡುತ್ತೇನೆ. ನೋಡಿ, ಹೊಲದ ಹೆಂಟೆ ಆಗಲೇ ಗುಳ್ಳೆ ಬಿಡುತ್ತಾ ಬಿರಿದು ರಾಡಿಯಾಗಿ ತಳ ಸೇರುತ್ತಿದೆ. ಬದುವಿನ ಹೆಂಟೆ ತನ್ನ ಆಕಾರ ಬಿಡದೆ ಕೂತಿದೆ, ಅದರ ಮೇಲಿನ ನೀರೂ ತಿಳಿಯಾಗಿದೆ. ಎರಡರ ಮೇಲೂ ಬಿದ್ದದ್ದು ಒಂದೇ ಮಳೆ. ಆದರೆ ಬದುವಿನ ಮಣ್ಣನ್ನು ಯಾರೂ ಕಲಕಿಲ್ಲ, ಅದರ ಮೈಮೇಲಿನ ಹುಲ್ಲನ್ನೂ ಬೇರನ್ನೂ ಯಾರೂ ಕಿತ್ತಿಲ್ಲ.

ಇಲ್ಲಿ ಎರಡು ಕಾರಣಗಳು ಜೊತೆಯಾಗಿ ಕೆಲಸ ಮಾಡಿವೆ: ಮಣ್ಣನ್ನು ಕಲಕದಿರುವುದು, ಅದರ ಮೇಲೆ ಹೊದಿಕೆ ಇರುವುದು. ಉಳುಮೆಯಿಲ್ಲದ ಬೇಸಾಯದ ಮಾತು ಬಂದಾಗ ನಾವು ಮೊದಲನೆಯದನ್ನು ಮಾತ್ರ ಹಿಡಿದುಕೊಳ್ಳುತ್ತೇವೆ, ಏಕೆಂದರೆ ಅದರಲ್ಲಿ ಡೀಸೆಲ್ ಖರ್ಚು ಕೂಡಲೇ ಉಳಿಯುತ್ತದೆ. ನಾನೂ ಹಾಗೆಯೇ ಮಾಡಿ ಒಂದು ಮುಂಗಾರು ಕಳೆದುಕೊಂಡೆ. ಮೆಕ್ಕೆಜೋಳದ ತೆನೆ ಮುರಿದ ಮೇಲೆ ಸೊಪ್ಪೆಯನ್ನು, ಅಂದರೆ ಉಳಿದ ದಂಟು ಎಲೆಯನ್ನು, ಹೊಲದಲ್ಲೇ ಬಿಟ್ಟೆ. ಬೇಸಿಗೆಯಲ್ಲಿ ಊರ ದನ ಬಂದವು, ಆಮೇಲೆ ಕುರಿ ಮಂದೆ ಬಂತು, ಉಳಿದ ರವದಿಯನ್ನು ಗಾಳಿ ಬೇಲಿಗೆ ಒಯ್ದು ಒಟ್ಟಿತು. ಬಿತ್ತನೆಯ ಹೊತ್ತಿಗೆ ನೆಲ ಬೋಳಾಗಿತ್ತು. ಉಳುವುದಿಲ್ಲ ಎಂಬ ನಿರ್ಧಾರಕ್ಕೆ ಅಂಟಿಕೊಂಡು ಆ ನೆಲದಲ್ಲೇ ಬಿತ್ತಿದೆ. ಮರುದಿನ ಹೊಡೆದ ಜಡಿಮಳೆಗೆ ಮೇಲ್ಮಣ್ಣು ಹೆಪ್ಪುಗಟ್ಟಿ ಹಪ್ಪಳದಂತಾಯಿತು, ಮೊಳಕೆ ಅದರಡಿಯಲ್ಲಿ ಸುರುಳಿ ಸುತ್ತಿಕೊಂಡು ಸತ್ತಿತು. ಆದ್ದರಿಂದ ಇಂದು ನಾನು ಹೇಳಬೇಕಾದ್ದು ಒಂದೇ: ಹೊದಿಕೆ ಉಳಿಸಿಕೊಳ್ಳಲಾಗದ ಹೊಲದಲ್ಲಿ ಉಳುಮೆ ನಿಲ್ಲಿಸಬೇಡಿ, ಮೊದಲು ಹೊದಿಕೆಗೆ ದಾರಿ ಮಾಡಿಕೊಳ್ಳಿ, ಉಳುಮೆ ಬಿಡುವುದು ಆಮೇಲಿನ ಮಾತು.

ಇದು ನನ್ನ ಹೊಲವೊಂದರ ಅನುಭವವಲ್ಲ. 63 ದೇಶಗಳಲ್ಲಿ ನಡೆದ 610 ಅಧ್ಯಯನಗಳನ್ನು ಒಟ್ಟುಗೂಡಿಸಿದ ಒಂದು ವಿಶ್ಲೇಷಣೆ 2015ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಉಳುಮೆ ಬಿಟ್ಟಲ್ಲಿ ಇಳುವರಿ ಸರಾಸರಿ ಶೇ 5.7ರಷ್ಟು ಇಳಿದಿತ್ತು. ಆದರೆ ಉಳುಮೆ ಬಿಡುವುದರ ಜೊತೆಗೆ ಬೆಳೆಯ ಉಳಿಕೆಯನ್ನು ನೆಲದ ಮೇಲೆ ಬಿಟ್ಟು ಬೆಳೆಯನ್ನೂ ಬದಲಾಯಿಸುತ್ತಾ ಬಂದ, ನಮ್ಮಂತೆ ಮಳೆಯನ್ನೇ ನಂಬಿದ ಒಣ ಸೀಮೆಗಳಲ್ಲಿ ಇಳುವರಿ ಶೇ 7.3ರಷ್ಟು ಏರಿತ್ತು.

ಹೊದಿಕೆ ಮಾಡುವ ಕೆಲಸವೇನು? ದೊಡ್ಡ ಮಳೆಹನಿಯೊಂದು ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ ನೆಲಕ್ಕೆ ಬಡಿಯುತ್ತದೆ. ಬರಿ ನೆಲದಲ್ಲಿ ಆ ಪೆಟ್ಟಿಗೆ ಮಣ್ಣಿನ ಹರಳು ಒಡೆದು, ನುಣುಪಾದ ಪುಡಿ ನೆಲದ ಸೂಕ್ಷ್ಮ ರಂಧ್ರಗಳನ್ನು ಮುಚ್ಚುತ್ತದೆ. ಒಳಗಿಳಿಯಲು ದಾರಿ ಸಿಗದ ನೀರು ಮೇಲ್ಮಣ್ಣನ್ನು ಹೊತ್ತು ಹಳ್ಳಕ್ಕೆ ಓಡುತ್ತದೆ. ಒಂದು ಎಕರೆಯ ಮೇಲೆ 25 ಮಿಲಿಮೀಟರ್ ಮಳೆಯಾದರೆ ಬಿದ್ದ ನೀರು ಸುಮಾರು 1 ಲಕ್ಷ ಲೀಟರ್. ಅದರಲ್ಲಿ ಮೂರನೆಯ ಒಂದು ಪಾಲು ಹರಿದುಹೋಯಿತು ಎಂದಿಟ್ಟುಕೊಳ್ಳಿ: 5 ಸಾವಿರ ಲೀಟರಿನ ಆರು ಟ್ಯಾಂಕರುಗಳಿಗೂ ಹೆಚ್ಚು ನೀರು ನಮ್ಮ ಕಣ್ಣೆದುರೇ ಹೊಲ ಬಿಟ್ಟು ಹೋದಂತೆ. ಕೊಳವೆಬಾವಿ ಕೈಕೊಟ್ಟಾಗ ತೋಟಕ್ಕೆ ಟ್ಯಾಂಕರ್ ಹೊಡೆಸಿದವರಿಗೆ ಇದರ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೊಪ್ಪೆ ಆ ಪೆಟ್ಟನ್ನು ತಾನು ತಿಂದು ನೀರನ್ನು ನಿಧಾನವಾಗಿ ಕೆಳಗಿಳಿಸುತ್ತದೆ. ಮಳೆ ಕೈಕೊಟ್ಟ ಹದಿನೈದು ದಿನಗಳಲ್ಲಿ ಬಿಸಿಲು ಹಸಿಯನ್ನು ಹೀರದಂತೆಯೂ ತಡೆಯುತ್ತದೆ.

ಇನ್ನು ನಿಜವಾದ ತೊಡಕಿಗೆ ಬರುತ್ತೇನೆ. ನಮ್ಮಲ್ಲಿ ಸೊಪ್ಪೆ ಕಸವಲ್ಲ, ಮೇವು. ಶೇಂಗಾದ ಬಳ್ಳಿಯಂತೂ ಒಂದೆಲೆ ಬಿಡದಂತೆ ಬಣವೆ ಸೇರುತ್ತದೆ. ಮೇಲಾಗಿ ಶೇಂಗಾ ಕೀಳುವುದೆಂದರೆ ಮಣ್ಣು ಕೆದಕುವುದೇ, ಹಾಗಾಗಿ ಚಳ್ಳಕೆರೆ ಸೀಮೆಯ ಶೇಂಗಾ ಹೊಲಕ್ಕೆ ಪೂರ್ತಿ ಉಳುಮೆಯಿಲ್ಲದ ಬೇಸಾಯ ಹೊಂದುತ್ತದೆ ಎಂದು ನಾನು ಹೇಳಲಾರೆ. ಮೆಕ್ಕೆಜೋಳದ ಮಾತು ಬೇರೆ. ತೆನೆಯಿಂದ ಮೇಲಿನ ಭಾಗವನ್ನೂ ಎಲೆಯನ್ನೂ ದನ ಇಷ್ಟಪಟ್ಟು ತಿನ್ನುತ್ತವೆ, ಬುಡದ ಗಟ್ಟಿ ದಂಟನ್ನು ಹೆಚ್ಚಾಗಿ ಬಿಟ್ಟೇಬಿಡುತ್ತವೆ. ಆದ್ದರಿಂದ ಮೇಲಿನದನ್ನು ಕೊಯ್ದು ಮನೆಗೆ ತನ್ನಿ, ಬುಡದ ದಂಟನ್ನು ಕಡಿಯದೆ ನಿಲ್ಲಿಸಿಯೇ ಬಿಡಿ. ನಿಂತ ದಂಟನ್ನು ಗಾಳಿ ಒಯ್ಯುವುದಿಲ್ಲ. ನೆಲಕ್ಕೆ ಒರಗಿದ ದಂಟಿನಷ್ಟು ಬೇಗ ಗೆದ್ದಲಿಗೂ ಸಿಗುವುದಿಲ್ಲ. ಬಿತ್ತನೆಗೆ ಮುಂಚೆ ಅದನ್ನು ಮಲಗಿಸಿದರಾಯಿತು.

ಕುರಿಗಾಹಿಗಳೊಡನೆ ಜಗಳ ಬೇಡ. ಅವರ ಮಂದೆ ಹೊಲದಲ್ಲಿ ತಂಗಿದ್ದರಿಂದಲೇ ಎಷ್ಟೋ ಹೊಲಗಳಿಗೆ ಗೊಬ್ಬರ ಕಂಡಿದೆ. ಮಂದೆಯನ್ನು ಎಷ್ಟು ರಾತ್ರಿ ನಿಲ್ಲಿಸಬೇಕು, ಯಾವ ತಾಕನ್ನು ಮೇಯಿಸದೆ ಬಿಡಬೇಕು ಎಂಬುದನ್ನು ಮೊದಲೇ ಕೂತು ಮಾತಾಡಿಕೊಳ್ಳಿ. ನಾವು ಆರು ಜನ ಅಕ್ಕಪಕ್ಕದ ಹೊಲದವರು ಒಟ್ಟಾಗಿ ಮಾತಾಡಿದ ವರ್ಷವೇ ನಮ್ಮ ದಂಟು ಉಳಿದದ್ದು, ಒಬ್ಬೊಬ್ಬರೇ ಕೇಳಿಕೊಂಡಾಗ ಉಳಿದಿರಲಿಲ್ಲ.

ದಂಟು ಉಳಿದ ಹೊಲದಲ್ಲಿ ಬೆಳೆ ಮೊಣಕಾಲೆತ್ತರ ಬಂದಾಗ ಎಲೆ ಹಳದಿಯಾದರೆ ಗಾಬರಿಯಾಗಬೇಡಿ. ಮೆಕ್ಕೆಜೋಳದ ದಂಟಿನಲ್ಲಿ ಸಾರಜನಕದ ಒಂದು ಪಾಲಿಗೆ ಇಂಗಾಲದ ಸುಮಾರು 60 ಪಾಲು ಇರುತ್ತದೆ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳಿಗೆ ಬೇಕಾದ ಪ್ರಮಾಣ ಒಂದಕ್ಕೆ 24ರ ಆಸುಪಾಸು. ಕೊರತೆ ಬಿದ್ದ ಸಾರಜನಕವನ್ನು ಅವು ಮಣ್ಣಿನಿಂದಲೇ ಎಳೆದುಕೊಂಡು ಪೈರಿಗೆ ತಾತ್ಕಾಲಿಕವಾಗಿ ಅಭಾವ ಮಾಡುತ್ತವೆ. ಬಿತ್ತುವಾಗಲೇ ಒಂದಿಷ್ಟು ಸಾರಜನಕವನ್ನು ಹೊದಿಕೆಯ ಕೆಳಗೆ, ಮಣ್ಣಿನೊಳಗೆ ಕೊಡಿ. ಸೊಪ್ಪೆಯ ಮೇಲೆ ಎರಚಿದ ಯೂರಿಯಾದ ಬಹಳಷ್ಟು ಭಾಗ ಗಾಳಿಯ ಪಾಲಾಗುತ್ತದೆ. ಮೆಕ್ಕೆಜೋಳದ ನಡುವಿನ ಅಕ್ಕಡಿ ಸಾಲಿಗೆ ತೊಗರಿ ಹಾಕಿದರೆ ಇನ್ನೂ ಒಳ್ಳೆಯದು, ಅದು ಉದುರಿಸುವ ಎಲೆ ಬೇಗ ಕೊಳೆತು ದಂಟಿನ ಕೊರತೆಯನ್ನು ಸ್ವಲ್ಪ ತುಂಬುತ್ತದೆ.

ಹೊದಿಕೆಯಿಂದ ತೊಂದರೆಯೇ ಇಲ್ಲವೆಂದಲ್ಲ. ಜೇಕು, ಗರಿಕೆಗಳು ಅದನ್ನು ತೂರಿಕೊಂಡು ಬರುತ್ತವೆ, ಕೈಕಳೆ ತಪ್ಪುವುದಿಲ್ಲ. ಬಿತ್ತುವ ಮಾಮೂಲಿ ಕೂರಿಗೆಗೆ ರವದಿ ಸಿಕ್ಕಿಕೊಳ್ಳುತ್ತದೆ. 2018ರಿಂದ ನಮ್ಮನ್ನು ಕಾಡುತ್ತಿರುವ, ಮೆಕ್ಕೆಜೋಳ ತಿನ್ನುವ ಫಾಲ್ ಸೈನಿಕ ಹುಳು ಮಣ್ಣಿನೊಳಗೆ ಕೋಶವಾಗುವುದರಿಂದ, ಹಿಂದಿನ ವರ್ಷ ಹುಳುವಿನ ಕಾಟ ವಿಪರೀತವಾಗಿದ್ದ ಹೊಲವನ್ನು ಒಮ್ಮೆ ಮಾಗಿ ಉಳುಮೆ ಮಾಡಿ ಬಿಸಿಲಿಗೆ ಒಡ್ಡುವುದೇ ಸರಿ.

ಕೊನೆಯದಾಗಿ ಈ ಹಗ್ಗ. ಇದಕ್ಕೆ ಅಡಿಗೊಂದರಂತೆ 100 ಗಂಟು ಹಾಕಿದ್ದೇನೆ. ಬಿತ್ತನೆಗೆ ಮುಂಚೆ ಇದನ್ನು ಸಾಲುಗಳಿಗೆ ಓರೆಯಾಗಿ ಎಳೆದು ಕಟ್ಟಿ, ಒಂದೊಂದೇ ಗಂಟಿನ ಮೇಲೆ ನೆಟ್ಟಗೆ ಬಗ್ಗಿ ನೋಡಿ. ಗಂಟಿನ ಕೆಳಗೆ ದಂಟೋ ಎಲೆಯೋ ಕಂಡರೆ ಎಣಿಸಿಕೊಳ್ಳಿ, ಮಣ್ಣು ಕಂಡರೆ ಬಿಡಿ. ಎಣಿಕೆ ಎಷ್ಟೋ ಹೊದಿಕೆ ಶೇಕಡ ಅಷ್ಟು. ಹೊಲದ ಮೂರು ನಾಲ್ಕು ಕಡೆ ಹೀಗೆ ನೋಡಿ ಸರಾಸರಿ ತೆಗೆಯಿರಿ. 30 ದಾಟಿದ್ದರೆ ಮಣ್ಣಿನ ಕೊಚ್ಚಣೆ ಬರಿ ನೆಲಕ್ಕಿಂತ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, ಆ ಹೊಲದಲ್ಲಿ ಉಳುಮೆಯಿಲ್ಲದೆ ಬಿತ್ತಿ ನೋಡಬಹುದು. ಅಷ್ಟಿಲ್ಲವಾದರೆ ಆ ವರ್ಷ ಎಂದಿನಂತೆ ಹರಗಿ ಬಿತ್ತಿ, ತೆನೆ ಮುರಿಯುವ ದಿನ ಕೂಲಿಯವರು ಕುಡುಗೋಲು ಹಿಡಿದು ಹೊಲಕ್ಕೆ ಇಳಿಯುವ ಮುಂಚೆಯೇ ಬುಡದ ದಂಟನ್ನು ಎಷ್ಟು ಎತ್ತರಕ್ಕೆ ಬಿಡಬೇಕೆಂದು ಅವರಿಗೆ ತೋರಿಸಿ.